ಲೈನಿನವರು

ಪಾಲಿಬೆಟ್ಟದ ಹತ್ತಿರದ ಒಂದು ಎಸ್ಟೇಟಿನಲ್ಲಿ ಹಿಂದೆ ಕಂಬಿಯ ಮೇಲೆ ಟ್ರಾಲಿ ಓಡುತ್ತಿತ್ತು. ಎಂಜಿನ್ ಇರಲಿಲ್ಲ. ಕೆಳಗಿನ ತೋಟದಲ್ಲಿ ಕುಯ್ದ ಕಾಫಿ ಹಣ್ಣನ್ನು ಅದರ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯವರೆಗೆ ಆಳುಗಳೇ ತಳ್ಳಿಕೊಂಡು ಹೋಗುತ್ತಿದ್ದರು. ನಮ್ಮಪ್ಪ ಅವರಲ್ಲೊಬ್ಬರು. ತೋಟದೊಳಕ್ಕೆ ಲಾರಿ ಬರುವಂತಾದ ಮೇಲೆ ಟ್ರಾಲಿ ನಿಂತಿತು, ಕಂಬಿಗಳು ಗುಜರಿಗೆ ಹೋದವು, ದಾರಿಯ ತುಂಬ ಲಂಟಾನ ಬೆಳೆಯಿತು. ಈಗ ಅದನ್ನೆಲ್ಲ ಸವರಿ, ಮಣ್ಣು ಹಾಕಿ, ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ದಾರಿ ಮಾಡಿದ್ದಾರೆ.

ಅಪ್ಪ ಹೋದದ್ದು ಈ ಮಳೆಗಾಲದಲ್ಲಿ. ತಿಂಗಳ ಕಾರ್ಯ ಮುಗಿಸಿ ನಾನು ವಿರಾಜಪೇಟೆಯ ಹೊಲಿಗೆ ಅಂಗಡಿಯ ಕೆಲಸಕ್ಕೆ ಮತ್ತೆ ಹೋಗತೊಡಗಿದ್ದೆ. ಆ ದಾರಿಯ ಕೆಲಸ ನೋಡಿಕೊಳ್ಳುವವರೊಬ್ಬರು ಒಂದು ದಿನ ಅಲ್ಲಿಗೇ ಬಂದರು. ಬ್ಲೌಸ್ ಹೊಲಿಸಲು ಬಂದ ಹೆಂಗಸರು ನಿಂತಿದ್ದರು. ಅವರೆದುರೇ ಕೇಳಿದರು.

"ಅಕ್ಕಾ, ನಿಮ್ಮ ತಂದೆ ಲೈನಿನವರಂತೆ, ಹೌದಾ?"

ನಮ್ಮ ಕಡೆ ಲೈನ್ ಎಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆ. ಬೇರೆ ಅರ್ಥ ಇಲ್ಲ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಶಾಲೆಯಲ್ಲಿ ಏನಾದರೂ ಕಳೆದುಹೋದರೆ ಮೊದಲು ಲೈನಿನ ಮಕ್ಕಳ ಚೀಲ ನೋಡುತ್ತಿದ್ದರು. ಪೇಟೆಗೆ ಬಂದ ಮೇಲೆ ಆ ಮಾತನ್ನು ನಾನು ಯಾರ ಹತ್ತಿರವೂ ಎತ್ತಿರಲಿಲ್ಲ.

"ಅಲ್ಲ, ನಾವು ಲೈನಿನವರಲ್ಲ," ಎಂದೆ.

ಯಾರೋ ತಪ್ಪು ಹೇಳಿರಬೇಕು, ಬೇಜಾರು ಮಾಡಿಕೊಳ್ಳಬೇಡಿ ಎಂದು ಅವರು ಹೊರಟುಹೋದರು. ನಾನು ಮಿಷನ್ ತುಳಿದೆ.

ದಾರಿ ತೆರೆದ ದಿನ ಅತ್ತೆ ನನ್ನನ್ನು ಕರೆದುಕೊಂಡು ಹೋದರು. ಅವರು ಅಪ್ಪನ ತಂಗಿ, ಈಗಲೂ ಲೈನಿನಲ್ಲೇ ಇದ್ದಾರೆ. ದಾರಿ ಶುರುವಾಗುವಲ್ಲಿ ಒಂದು ಬೋರ್ಡು. ಅದರಲ್ಲಿ ಟ್ರಾಲಿ ತಳ್ಳಿದವರ ಫೋಟೋ, ಹೆಸರು. ಅತ್ತೆಗೆ ಓದಲು ಬಾರದು. ಮುಖಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಹುಡುಕಿದರು. ಆಮೇಲೆ ಅಲ್ಲೇ ನಿಂತಿದ್ದ, ಅಂದು ಅಂಗಡಿಗೆ ಬಂದಿದ್ದ ಆ ಮನುಷ್ಯನನ್ನು, ನಮ್ಮಣ್ಣ ಎಲ್ಲಿ ಎಂದು ಕೇಳಿದರು.

ಅವರು ನನ್ನ ಕಡೆ ನೋಡಿದರು. "ಅಕ್ಕನ್ನ ಕೇಳಿದ್ದೆ ಅಮ್ಮಾ. ಲೈನಿನವರಲ್ಲ ಅಂದ್ರು. ನಾನು ಕೇಳಿದ್ದು ಈ ಟ್ರಾಲಿ ಲೈನಿನ ವಿಷಯ."

ನಾವು ಮನೆಯಲ್ಲಿ ಅದನ್ನು ಕಂಬಿ ಎನ್ನುತ್ತಿದ್ದೆವು. ಅಪ್ಪ ಕಂಬಿ ಕೆಲಸಕ್ಕೆ ಹೋಗಿ ಲೈನಿಗೆ ವಾಪಸು ಬರುತ್ತಿದ್ದರು.

ಅತ್ತೆಗೆ ಎಲ್ಲ ಅರ್ಥವಾಯಿತು. ನನ್ನ ಮುಖ ನೋಡಲಿಲ್ಲ. "ರೈಲೇ ಇಲ್ಲದ ಕೊಡಗಲ್ಲಿ ಬಂದು ಲೈನು ಅಂದ್ರೆ ಅವಳಿಗೆ ಹೆಂಗೆ ಗೊತ್ತಾಗ್ಬೇಕು? ಸರಿಯಾಗಿ ಕೇಳೋಕೆ ನಿಂಗೆ ಬರಲ್ಲ," ಎಂದು ಅವರನ್ನೇ ಗದರಿದರು. ಅವರು ನಕ್ಕರು. ಅತ್ತೆ ನನ್ನನ್ನೇ ಬೈದಿದ್ದರೆ ಹಗುರವಾಗುತ್ತಿತ್ತೇನೋ. ಹಿಂತಿರುಗುವಾಗ ಹೊಸ ಮಣ್ಣಿನ ಮೇಲೆ ನಾನು ಅತ್ತೆಯ ಹಿಂದೆಯೇ ನಡೆದೆ, ಪಕ್ಕಕ್ಕೆ ಹೋಗಲು ಆಗಲಿಲ್ಲ.

ಬೋರ್ಡಿಗೆ ಇನ್ನೊಂದು ಹಲಗೆ ಸೇರಿಸಬಹುದು ಎಂದು ದಾರಿಯ ಕೆಲಸದವರು ಹೇಳಿದ್ದರು. ಅಪ್ಪನ ಫೋಟೋ ಕಳಿಸಿದೆ. ಹೆಸರಿನ ಕೆಳಗೆ ಏನು ಬರೆಯಲಿ ಎಂದು ಕೇಳಲು ಅವರು ಫೋನ್ ಮಾಡಿದಾಗ ನಾನು ಅಂಗಡಿಯಲ್ಲಿದ್ದೆ, ಹೊಲಿಸಲು ಬಂದ ಹೆಂಗಸರೂ ಇದ್ದರು.

"ಟ್ರಾಲಿ ತಳ್ತಿದ್ರು, ಲೈನ್‌ಮನೇಲಿ ಇದ್ರು ಅಂತ ಬರೀರಿ," ಎಂದೆ.

ಹಾಗೇ ಬರೆದಿದ್ದಾರೆ. ಅತ್ತೆ ಯಾರಿಂದಲೋ ಓದಿಸಿಕೊಂಡು, ಚೆನ್ನಾಗಿ ಹೇಳಿದ್ದೀಯ ಮಗಾ ಎಂದರು. ಅಷ್ಟು ಹೇಳಲು ನಾನು ಮಿಷನ್ ಬಿಟ್ಟೆದ್ದು, ಅಂಗಡಿಯ ಹಿಂದಿನ ಓಣಿಗೆ ಹೋಗಿದ್ದೆ ಎಂಬುದನ್ನು ಅವರಿಗೆ ಹೇಳಿಲ್ಲ.