ಮಾತು ಮುಗಿಯುವ ಮೊದಲೇ ಮಂಗಳೂರು

ಏರ್‌ಪೋರ್ಟಿನ ಸೆಕ್ಯುರಿಟಿಯಲ್ಲಿ ಅಮ್ಮನ ಬ್ಯಾಗು ನಿಂತುಬಿಟ್ಟಿತು. ಬಿಚ್ಚಿಸಿ ನೋಡಿದರೆ ಇಪ್ಪತ್ತು ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಒಂದು ಚಿಪ್ಪು ಬಾಳೆಹಣ್ಣು.

‘ಆಂಟೀ, ಕಿತ್ನೇ ಲೋಗ್ ಹೋ?’ ಎಷ್ಟು ಜನ ಇದ್ದೀರೆಂದು ತಪಾಸಣೆಯವನು ನಗುತ್ತಾ ಕೇಳಿದ.

‘ದೋ’ ಎಂದಳು ಅಮ್ಮ, ಎರಡು ಬೆರಳೆತ್ತಿ, ಗಂಭೀರವಾಗಿ.

ನನಗೋ ಮುಜುಗರ. ನವಿ ಮುಂಬೈಯಿಂದ ಮಂಗಳೂರಿಗೆ ಆಕಾಶದಲ್ಲಿ ಸುಮಾರು ಏಳುನೂರು ಕಿಲೋಮೀಟರ್, ಹಾರುವುದು ಒಂದೂಕಾಲು ಗಂಟೆ ಎಂದು ಎರಡೆರಡು ಸಲ ಹೇಳಿದ್ದೆ. ಅವಳು ಕಟ್ಟಿದ್ದು ಮಾತ್ರ ಹಳೇ ಬಸ್ಸಿನ ಬುತ್ತಿ. (ಪುಣ್ಯಕ್ಕೆ ಉಪ್ಪಿನಕಾಯಿ ಮರೆತಿದ್ದಳು.)

ಅಪ್ಪನ ವರ್ಷಾಂತಿಕಕ್ಕೆ ಹೊರಟಿದ್ದೆವು. ಅವರು ಹೋದ ಮೇಲೆ ಡೊಂಬಿವಲಿಯ ರೂಮಿಗೆ ಬೀಗ ಹಾಕಿ ಅಮ್ಮ ಕೋಪರಖೈರಣೆಯ ನನ್ನ ಫ್ಲ್ಯಾಟಿಗೆ ಬಂದಿದ್ದಾಳೆ. ಈ ಒಂದು ವರ್ಷದಲ್ಲಿ ನಾವಿಬ್ಬರು ಕೂತು ಅಪ್ಪನ ಬಗ್ಗೆ ಮಾತಾಡಿದ್ದುಂಟೇ? ಇಲ್ಲ. ಅವಳು ಶುರು ಮಾಡಿದಾಗಲೆಲ್ಲ ಮಹಾಪೆಯ ಆಫೀಸಿನಿಂದ ನನಗೆ ಫೋನು ಬರುತ್ತದೆ. ಬಾರದಿದ್ದರೆ ನಾನೇ ಮಾಡುತ್ತೇನೆ. ಅಮ್ಮನೆದುರು ಅಳು ಬಂದರೆ ಎಂಬ ಭಯ, ಅಷ್ಟೇ.

ಮುಂಬೈಯಿಂದ ಊರಿಗೆ ಹೋಗುವ ಆ ಬಸ್ಸು ನೆನಪಿದೆಯೇ ನಿಮಗೆ? ಮೇ ತಿಂಗಳಲ್ಲಿ ಹೊರಟರೆ ಊರು ಮುಟ್ಟಲು ಒಂದಿಡೀ ದಿನ. ಘಾಟಿಯ ತಿರುವುಗಳು, ಮುಷ್ಟಿಯಲ್ಲಿ ಲಿಂಬೆಹಣ್ಣು, ಕಿಟಕಿಗಾಗಿ ತಂಗಿಯ ಜೊತೆ ಜಗಳ. ನಾವಿಬ್ಬರು ಮುಂದಿನ ಸೀಟಿನಲ್ಲಿ, ಅಪ್ಪ ಅಮ್ಮ ಹಿಂದೆ. ಆಗ ಆ ಪ್ರಯಾಣವೆಂದರೆ ಶಿಕ್ಷೆ. ಈಗ ಎಲ್ಲಾದರೂ ಆ ಡೀಸೆಲ್ ವಾಸನೆ ಬಂದರೆ ನಿಂತು ಮೂಸುತ್ತೇನೆ.

ವಿಮಾನ ಏರಿ ಮುಕ್ಕಾಲು ಗಂಟೆಯಾಗಿತ್ತು. ಅಮ್ಮ ನನ್ನ ಕೈಗೊಂದು ಚಪಾತಿ ಇಟ್ಟಳು.

‘ನಿನ್ನಪ್ಪ ನನ್ನ ಹತ್ರ ಮಾತಾಡಿದ್ದೇ ಬಸ್ಸಲ್ಲಿ, ಗೊತ್ತುಂಟಾ? ಬೆಳಿಗ್ಗೆ ಹೋಟ್ಲಿನ ಕೆಲಸಕ್ಕೆ ಹೋದ್ರೆ ನೀವು ಮಲಗಿದ ಮೇಲೆ ಬರುದು. ಬಂದವ್ರಿಗೆ ನಿದ್ದೆ. ವರ್ಷದ ಮಾತೆಲ್ಲ ಬಸ್ಸಿಗೆ ಅಂತ ಇಟ್ಕೊಳ್ತಿದ್ರು.’

ನನಗೆ ಗೊತ್ತೇ ಇರಲಿಲ್ಲ. ನಾನು ನಿದ್ದೆ ಹೊಡೆಯುತ್ತಿದ್ದಾಗ ಹಿಂದಿನ ಸೀಟಿನಲ್ಲಿ ಅವರ ಸಂಸಾರ ನಡೆಯುತ್ತಿತ್ತು.

‘ಎಂತ ಮಾತಾಡ್ತಿದ್ರು?’

‘ನಿನ್ನ ವಿಷಯವೇ ಜಾಸ್ತಿ. ನೀನು ಒಂಬತ್ತರಲ್ಲಿ ಫೇಲಾದ ವರ್ಷ, ಚಿಪ್ಳೂಣ್ ದಾಟಿದ ಮೇಲೆ ಅವ್ರು...’

ಅಷ್ಟರಲ್ಲಿ ಸೀಟ್ ಬೆಲ್ಟಿನ ಅನೌನ್ಸ್‌ಮೆಂಟು. ಅಮ್ಮ ಗಡಿಬಿಡಿಯಲ್ಲಿ ಡಬ್ಬಿ ಮುಚ್ಚಿದಳು. ಕೆಳಗೆ ಆಗಲೇ ಕೆಂಪು ಮಣ್ಣು ಕಾಣಿಸುತ್ತಿತ್ತು.

ಊರಿನಲ್ಲಿ ಮತ್ತೆ ಬಿಡುವೆಲ್ಲಿ? ಮನೆ ತುಂಬ ನೆಂಟರು, ಭಟ್ಟರು, ಅಡುಗೆಯವರು. ಚಿಪ್ಳೂಣ್ ದಾಟಿದ ಮೇಲೆ ಅಪ್ಪ ಏನೆಂದರು? ಶ್ರಾದ್ಧದ ಪಿಂಡ ಇಡುವಾಗಲೂ ನನ್ನ ತಲೆಯಲ್ಲಿ ಅದೇ. ನನ್ನನ್ನು ಬೈದರೋ? ಅತ್ತರೋ?

ಹೊರಡುವ ಮುನ್ನಾದಿನ ಅಮ್ಮ ಪಕ್ಕಕ್ಕೆ ಕರೆದಳು. ‘ವಾಪಸ್ ಹೋಗುವ ಪ್ಲೇನು ಬೇಡ ಮಾರಾಯ. ಬಸ್ಸಿಗೆ ಮಾಡು. ಹೇಳ್ಲಿಕ್ಕೆ ತುಂಬ ಉಂಟು.’

ಟಿಕೆಟ್ ಕ್ಯಾನ್ಸಲ್ ಮಾಡಿ, ಬಸ್ಸಿನಲ್ಲಿ ಬರುತ್ತೇನೆಂದು ಬಾಸ್ ಹತ್ತಿರ ಇನ್ನೊಂದು ದಿನದ ರಜೆ ಕೇಳಿದೆ. ತಕ್ಷಣ ಮೆಸೇಜು ಬಂತು: ‘ಫ್ಲೈಟ್ ಹೈ ನಾ, ಬಸ್ ಕ್ಯೂಂ?’

ಅಪ್ಪನ ಮಾತು ಕೇಳಲಿಕ್ಕಿದೆ ಎಂದು ಬರೆದರೆ, ಅದು ಸಿಕ್ ಲೀವೋ, ಕ್ಯಾಶುವಲ್ ಲೀವೋ?