ವೆಂಡೆಲ್ ಸಹಿ ಹಾಕದ ಬೇಸಿಗೆ

ನಮ್ಮ ದೋಣಿ ಕ್ಲಬ್ಬಿನಲ್ಲಿ ಆರ್ಡಿಸ್ ಟಾಲೆಫ್ಸನ್‌ಳನ್ನು ದಾಟದೆ ಯಾರೂ ನೀರಿಗಿಳಿಯುವಂತಿರಲಿಲ್ಲ. ಅರ್ಧ ಆಯುಷ್ಯ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಒಂಟಿ ಜೀವ. ಶನಿವಾರ ಬೆಳಗ್ಗೆ ಸೇಂಟ್ ಕ್ರಾಯ್ ನದಿಯ ಮೇಲೆ ಮಂಜು ಇನ್ನೂ ಮಲಗಿರುವಾಗಲೇ ಬಂದು, ವ್ಯಾನಿನ ಬಾನೆಟ್ ಮೇಲೆ ಮುಚ್ಚಳಿಕೆ ಕಾಗದಗಳನ್ನಿಟ್ಟು ನಿಲ್ಲುತ್ತಿದ್ದಳು. ದೋಣಿ ಮಗುಚಿದರೂ, ಕೈಕಾಲು ಮುರಿದರೂ, ಪ್ರಾಣವೇ ಹೋದರೂ ಕ್ಲಬ್ಬಿನ ಮೇಲೆ ದೂರಿಲ್ಲ ಎಂಬ ಒಕ್ಕಣೆ. ನಾವೆಲ್ಲ ಒಂದು ಕೈಯಲ್ಲಿ ಹುಟ್ಟು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಸಹಿ ಗೀಚುತ್ತಿದ್ದೆವು.

ಒಂದು ಜೂನ್ ತಿಂಗಳಲ್ಲಿ ವೆಂಡೆಲ್ ಕ್ರೌಸ್ ಬಂದ. ಪಿಯಾನೋಗಳಿಗೆ ಶ್ರುತಿ ಕೂಡಿಸುವ ಕಸುಬಿನವನು. ಹೆಂಡತಿ ತೀರಿಕೊಂಡ ಮೇಲೆ ಒಂದು ಚಳಿಗಾಲ ಕಳೆದಿತ್ತು. ಕಾಗದ ಇಸಿದುಕೊಂಡು, ದಡದ ದಿಮ್ಮಿಯ ಮೇಲೆ ಕುಳಿತು ಮೊದಲ ಸಾಲಿನಿಂದ ಓದತೊಡಗಿದ.

"ಏನಪ್ಪಾ, ಪರೀಕ್ಷೆಗೆ ಕೂತಿದ್ದೀಯಾ?" ಎಂದ ನಮ್ಮ ಮುಂದಾಳು ರೋಲಿ. "ನೀನು ಮುಗ್ಸೋ ಹೊತ್ತಿಗೆ ನದಿ ಹೆಪ್ಪುಗಟ್ಟತ್ತೆ!"

ವೆಂಡೆಲ್ ಆರ್ಡಿಸ್‌ಳತ್ತ ನೋಡಿದ. "ಸಾವೂ ಬರಬಹುದು ಅಂತ ಬರ್ದಿದೆಯಲ್ಲ?"

"ಬರ್ದಿದೆ. ಇಲ್ಲೀತನಕ ಯಾರೂ ಹೋಗಿಲ್ಲ."

"ಹಾಗಾದ್ರೆ ಇವತ್ತು ಬೇಡ. ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ."

ಸಂಜೆ ನಾವು ಮರಳಿದಾಗಲೂ ಅಲ್ಲೇ ಇದ್ದ. ಮುಂದಿನ ಶನಿವಾರವೂ ಬಂದ, ಓದಿದ, ಸಹಿ ಹಾಕಲಿಲ್ಲ. ಅದರ ಮುಂದಿನ ವಾರ ಆರ್ಡಿಸ್ ತನ್ನ ದೋಣಿಯನ್ನು ವ್ಯಾನಿನಿಂದ ಇಳಿಸಲೇ ಇಲ್ಲ. "ನೀವು ಹೊರಡಿ. ನಂಗ್ಯಾಕೋ ಮೊಣಕಾಲು ಹಿಡ್ಕೊಂಡಿದೆ" ಎಂದಳು.

ಆ ಬೆಳಗಿನ ಮಾತುಕತೆಯನ್ನು ಆಮೇಲೆ ಅವಳೇ ನನಗೆ ಹೇಳಿದಳು. ಮಂಜಿನಲ್ಲಿ ಎದುರು ದಡ ಕರಗಿಹೋಗಿತ್ತಂತೆ. ಎಲ್ಲಿಂದಲೋ ಲೂನ್ ಹಕ್ಕಿಯ ಕೂಗೊಂದು ನೀರಿನ ಮೇಲೆ ಜಾರಿ ಬರುತ್ತಿತ್ತು. ಅವನ ಕೈಗೆ ಕೇಕಿನ ತುಂಡು ಕೊಟ್ಟು, "ನೀರಂದ್ರೆ ಹೆದರಿಕೇನಾ?" ಎಂದು ಕೇಳಿದಳು.

"ನೀರಿಗಲ್ಲ. ನನ್ ಹೆಂಡ್ತಿ ಲಿಯೋಟಾಗೆ ಆಪರೇಷನ್ ಮಾಡೋ ಮುಂಚೆ ಇಂಥದೇ ಕಾಗದ ಕೊಟ್ಟಿದ್ರು. ಇಬ್ರೂ ಓದ್ದೇನೇ ಸೈನ್ ಹಾಕಿದ್ವಿ. ಓದಿದ್ರೆ ಅವಳು ಉಳೀತಿದ್ಲು ಅಂತಲ್ಲ. ಆದ್ರೆ ಅವಳ್ಗೆ ಏನಾದ್ರೂ ಒಂದು ಒಳ್ಳೇ ಮಾತು ಹೇಳ್ತಿದ್ದೆ. ಕಾರು ಎಲ್ಲಿ ನಿಲ್ಸಿದೀನಿ ಅಂತ ಮಾತಾಡ್ತಾನೇ ಒಳಗೆ ಕಳಿಸ್ಬಿಟ್ಟೆ."

ಮಂಜಿನೊಳಗಿಂದ ಬೂದು ಕೊಕ್ಕರೆಯೊಂದು ಸದ್ದಿಲ್ಲದೆ ಬಂದು ಆಳವಿಲ್ಲದ ಕಡೆ ನಿಂತಿತು. ಅದು ಹಾರಿಹೋಗುವವರೆಗೂ ಇಬ್ಬರೂ ನೋಡುತ್ತ ಕುಳಿತರು. ಆ ಬೇಸಿಗೆಯೆಲ್ಲ ಅವಳು ದಡದಲ್ಲೇ ಉಳಿದಳು. ಮೊಣಕಾಲಿನ ಬಗ್ಗೆ ನಾವಂತೂ ಕೇಳಲಿಲ್ಲ.

ಮೇಪಲ್ ಮರಗಳು ಕೆಂಪಾಗತೊಡಗಿದ ಒಂದು ಬೆಳಗ್ಗೆ ವೆಂಡೆಲ್ ಕೊನೆಯ ಸಾಲಿನವರೆಗೂ ಓದಿ, ಪೆನ್ನು ಕೇಳಿದ.

"ಸೈನ್ ಹಾಕೋ ಮುಂಚೆ ನಿಂಗೊಂದು ಮಾತು ಹೇಳ್ಬೇಕು, ಆರ್ಡಿಸ್."

"ಇವರೆಲ್ಲರ ಎದುರಿಗಾ?"

"ಹೂಂ. ನೀನಂದ್ರೆ ನಂಗೆ ಇಷ್ಟ."

ಆರ್ಡಿಸ್‌ಳ ಕಿವಿಯವರೆಗೂ ಕೆಂಪೇರಿತು. "ಸರಿ ಸರಿ. ಮೊದ್ಲು ಲೈಫ್ ಜಾಕೆಟ್ ಬಿಗಿಯಾಗಿ ಹಾಕ್ಕೋ" ಎಂದಳು.

ಒಂದೇ ದೋಣಿಯಲ್ಲಿ ಹೊರಟರು. ಮುಂದೆ ಕುಳಿತ ವೆಂಡೆಲ್‌ಗೆ ಹುಟ್ಟು ಹಾಕಲು ಬಾರದೆ ದೋಣಿ ಸುತ್ತಿ ಸುತ್ತಿ ತಿರುಗಿತು. ಮಂಜು ಇಬ್ಬರನ್ನೂ ಒಳಗೆಳೆದುಕೊಂಡಿತು. ನಮಗೆ ಕೇಳಿಸಿದ್ದು ಆರ್ಡಿಸ್‌ಳ ನಗು ಮಾತ್ರ. ಅಷ್ಟು ವರ್ಷಗಳಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಹಿಮ ಬೀಳುವ ಮೊದಲೇ ಮದುವೆಯಾದರು. ಈಗಲೂ ನಮ್ಮ ಸಾಲಿನಲ್ಲಿ ಅವರದೇ ಕೊನೆಯ ದೋಣಿ. ನಡುನೀರಿನಲ್ಲಿ ಹುಟ್ಟುಗಳನ್ನು ಮಡಿಲ ಮೇಲಿಟ್ಟುಕೊಂಡು ಸುಮ್ಮನೆ ತೇಲುತ್ತಿರುತ್ತಾರೆ. ಮುಂದಿನ ತಿರುವಿನಲ್ಲಿ ನಾವು ಕಾಯುತ್ತೇವೆ.