ಬೀಗರಿಗಾಗಿ ಕೊಂಡ ಹಾಯಿದೋಣಿ

ನಮ್ಮ ಡ್ರಿಲ್ ಮೇಷ್ಟ್ರ ಕುತ್ತಿಗೆಯ ಸುತ್ತ ಒಂದು ಬೆಳ್ಳನೆಯ ಗೆರೆಯಿತ್ತು. ವರ್ಷಗಟ್ಟಲೆ ಮೈದಾನದ ಬಿಸಿಲಲ್ಲಿ ನಿಂತು ಕಪ್ಪಾಗಿದ್ದ ಕುತ್ತಿಗೆಗೆ ಸೀಟಿಯ ದಾರದ ಅಡಿಯಲ್ಲಿ ಮಾತ್ರ ಬಿಸಿಲು ತಾಕಿರಲಿಲ್ಲ. ನಿವೃತ್ತರಾಗಿ ಸೀಟಿ ತೆಗೆದಿಟ್ಟ ಮೇಲೂ ಆ ಗೆರೆ ಬಹಳ ದಿನ ಹಾಗೇ ಇತ್ತು.

ಕಿಕ್ಕೇರಿ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಅವರೆದುರು ಯಾರ ಮಾತೂ ನಡೆಯುತ್ತಿರಲಿಲ್ಲ. ನಾನು ಖೋಖೋ ತಂಡಕ್ಕೆ ಸೇರಿದಾಗ ನಮ್ಮಪ್ಪ ಸ್ಕೂಲಿಗೇ ಬಂದು, "ಎಣ್ಣೈಕ್ಳು ಅಂಗೆಲ್ಲ ಊರೂರು ತಿರುಗ್ಕಂಡು ಓಡೋದು ಬ್ಯಾಡ ಮೇಷ್ಟ್ರೇ" ಎಂದಿದ್ದರು.

"ಎಮ್ಮೆ ಇಂದೆ ಗದ್ದೆ ಬಯಲೆಲ್ಲ ಓಡ್ತಾಳಲ್ಲ, ಆಗ ಯಾರ್ನ ಕೇಳಿದ್ರಿ ಗೌಡ್ರೇ? ನಾಳೆ ಮಂಡ್ಯಕ್ಕೆ ಬಸ್ಸು ಒರಡ್ತದೆ. ಇವ್ಳು ಅದ್ರಲ್ಲಿರ್ತಾಳೆ."

ಮಾರನೆಯ ದಿನ ನಾನು ಆ ಬಸ್ಸಿನಲ್ಲಿದ್ದೆ. ಇವತ್ತು ನಾನು ನಾಗಮಂಗಲದಲ್ಲಿ ಹೆಣ್ಣುಮಕ್ಕಳಿಗೆ ಆಟ ಕಲಿಸಿ ಅನ್ನ ತಿನ್ನುತ್ತಿದ್ದರೆ ಅದು ಆ ಮಾತಿನಿಂದ. ನನಗಾಗಿ ಅಷ್ಟು ಗಟ್ಟಿಯಾಗಿ ನಿಂತ ಮನುಷ್ಯನಿಗೆ ತನಗಾಗಿ ಒಂದು "ಬೇಡ" ಹೇಳಲು ಬಾಯಿ ಬರಲಿಲ್ಲವಲ್ಲ ಎಂದು ನೆನೆದಾಗಲೆಲ್ಲ ಮೈಯುರಿಯುತ್ತದೆ.

ಅವರಿಗಿದ್ದದ್ದು ಒಂದೇ ಆಸೆ. ಮೈಸೂರಿನಲ್ಲಿ ಓದುವಾಗ ಎನ್‌ಸಿಸಿಯ ನೌಕಾದಳದಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತಿದ್ದರು. ನಿವೃತ್ತಿಯ ಮೇಲೆ ಕನ್ನಂಬಾಡಿ ಹಿನ್ನೀರಿನಲ್ಲಿ ತಾವೊಬ್ಬರೇ ಗಾಳಿ ಹಿಡಿದು ಹೋಗಬೇಕು, ಅಷ್ಟೆ. "ಸೀಟಿ ಊದಿ ಊದಿ ಕಿವಿ ಗುಂಯ್ ಅಂತದೆ ಕಣ್ರಮ್ಮ. ಆ ನೀರಿನ್ ಮಧ್ಯಕ್ಕೋದ್ರೆ ಒಂದ್ ಸದ್ದಿರಾಕಿಲ್ಲ" ಎನ್ನುತ್ತಿದ್ದರು.

ಅವರು ನಿವೃತ್ತರಾದ ಮೇಲೆ, ಪಾಂಡವಪುರದ ಕಡೆ ಹಿನ್ನೀರಿನ ದಡದಲ್ಲಿ ದೋಣಿ ಕಲಿಸುತ್ತಿದ್ದವರೊಬ್ಬರು ಊರು ಬಿಡುವಾಗ ಎರಡು ಹಳೆಯ ಹಾಯಿದೋಣಿಗಳನ್ನು ಮಾರಲಿಟ್ಟರು. ಒಂದು ಚಿಕ್ಕದು, ಒಬ್ಬರೇ ಎಳೆದು ನೀರಿಗಿಳಿಸಬಹುದು, ಒಬ್ಬರೇ ನಡೆಸಬಹುದು. ಇನ್ನೊಂದು ಮಧ್ಯಮ ಗಾತ್ರದ್ದು, ಐದಾರು ಜನ ಕೂರುವಂಥದ್ದು. ಅದನ್ನು ನೀರಿಗೆ ತಳ್ಳಲು ನಾಲ್ಕಾಳು ಬೇಕು, ಹಾಯಿ ನೋಡಿಕೊಳ್ಳಲು ಜೊತೆಗೆ ಇನ್ನೊಬ್ಬರಿರಬೇಕು. ನೋಡಲು ಮೇಷ್ಟ್ರು ನನ್ನನ್ನೂ ಕರೆದಿದ್ದರು. ಚಿಕ್ಕದರಲ್ಲಿ ಕೂತು, ಕಾಲು ಚಾಚಿ, ಚುಕ್ಕಾಣಿ ಹಿಡಿದು, "ನನ್ನಳತೆ ತಗಂಡು ಒಲ್ಸಿದಂಗದೆ ಕಣಮ್ಮ" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆ ಒಬ್ಬರು ಏನಾದರೂ ಕೊಳ್ಳುವುದೆಂದರೆ ನೆಂಟರೆಲ್ಲ ಹೊರಡಬೇಕಲ್ಲ! ಎರಡು ಕಾರು ತುಂಬ ಬಂದಿದ್ದರು. ಅವರ ಮುಂದಾಳು ಮೇಷ್ಟ್ರ ಹೆಂಡತಿಯ ತಮ್ಮ, ಶ್ರೀರಂಗಪಟ್ಟಣದವನು. ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಎರಡೂ ದೋಣಿಗಳ ಸುತ್ತ ಬಂದು ದೊಡ್ಡದರ ಪಕ್ಕೆ ತಟ್ಟಿದ.

"ಏನ್ ಭಾವ, ಒಬ್ರು ಕೂರೋ ದೋಣಿ ತಗತೀರಾ? ಬೀಗ್ರು ಬಂದ್ರೆ ಒಬ್ರುನ್ನ ಅತ್ತಿಸ್ಕಂಡು ಮಿಕ್ಕೋರ್ನ ದಡದ್ಮೇಲೆ ನಿಲ್ಲುಸ್ತೀರಾ? ಜನ ನಗಾಕಿಲ್ವಾ?"

"ದೊಡ್ಡದ್ನ ನಾನೊಬ್ನೇ ತಳ್ಳಾಕಾಗಲ್ಲ ಕಣಪ್ಪ."

"ಯಾಕ್ ಒಬ್ರೇ? ನಾವೇನ್ ಸತ್ತೋಗಿದ್ದೀವಾ? ಭಾನ್ವಾರ ಭಾನ್ವಾರ ಬತ್ತೀವಿ ಬುಡಿ."

ನಾನು ಸುಮ್ಮನಿರಲಾರದೆ, "ಸಾರ್ ಒಬ್ರೇ ಹೋಗ್ಬೇಕು ಅಂತ ತಾನೇ ತಗೋತಿರೋದು?" ಎಂದೆ. "ನೀ ಸುಮ್ಕಿರವ್ವ, ಇದು ನಮ್ಮನೆ ವಿಚಾರ" ಎಂದು ನನ್ನ ಬಾಯಿ ಮುಚ್ಚಿಸಿದ. ಮೇಷ್ಟ್ರು ಚಿಕ್ಕ ದೋಣಿಯಿಂದ ಮೆಲ್ಲಗೆ ಎದ್ದು ಆಚೆ ಬಂದರು. ದೊಡ್ಡದನ್ನೇ ಕೊಂಡರು.

ಪೂಜೆಯ ದಿನ ಎಲ್ಲರೂ ಬಂದರು, ಬರದೇ ಏನು! ಬಾಡೂಟವಿತ್ತಲ್ಲ. ಚಕ್ರವೇ ಇಲ್ಲದ ದೋಣಿಗೆ ನಿಂಬೆಹಣ್ಣು ಎಲ್ಲಿಡುವುದೆಂದು ದೊಡ್ಡ ಚರ್ಚೆ ನಡೆದು, ಕೊನೆಗೆ ಮೂತಿಯ ಕೆಳಗಿಟ್ಟು ನೀರಿಗೆ ತಳ್ಳಿದರು. ಎಂಟು ಜನ ಹತ್ತಿ ಫೋಟೊ ತೆಗೆಸಿಕೊಂಡರು. ತಲೆಗೆ ಬಡಿಯುತ್ತದೆಂದು ಹಾಯಿ ಬಿಚ್ಚಲು ಬಿಡಲಿಲ್ಲ. ಹಾಯಿದೋಣಿಗೆ ಹುಟ್ಟು ಹಾಕಿಸಿಕೊಂಡು ಕೂಗಳತೆ ದೂರ ಹೋಗಿ, ವಾಪಸು ಬಂದು ದಡಕ್ಕೆಳೆದು, ಊಟಕ್ಕೆ ಕೂತರು. ಆ ದೋಣಿ ಮತ್ತೆ ನೀರು ಕಾಣಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಒಮ್ಮೆ ಕಬ್ಬು ಕಡಿತ, ಒಮ್ಮೆ ನಾಮಕರಣ, ಇನ್ನೊಮ್ಮೆ ಆದಿಚುಂಚನಗಿರಿಯಲ್ಲಿ ಯಾರದೋ ಮದುವೆ. ಫೋನು ಮಾಡಿದರೆ "ಮುಂದಿನ್ವಾರ ಗ್ಯಾರಂಟಿ ಭಾವ." ನಾನು ನಾಗಮಂಗಲದಿಂದ ಬಸ್ಸು ಹಿಡಿದು ಬರುತ್ತಿದ್ದೆ. ನಾವಿಬ್ಬರೇ ತಳ್ಳಿದರೆ ದೋಣಿ ಮಿಸುಕುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು, ದೋಣಿಗೂ ನೀರಿಗೂ ನಡುವೆ ಯಾರೋ ಸೌತೆಬಳ್ಳಿ ಹಾಕಿದರು.

"ಮೀನು ಹಿಡಿಯೋರ್ನ ಕರೆದು, ಕೂಲಿ ಕೊಟ್ಟು ತಳ್ಳಿಸಿ ಸಾರ್" ಎಂದು ಗೋಗರೆದೆ.

"ಮನೆಯೋರು ಬತ್ತೀವಿ ಅಂದವ್ರೆ. ಕೂಲಿಯೋರ್ನ ಕರುದ್ರೆ, ನಮ್ಮನ್ನ ನಂಬ್ನಿಲ್ಲ ಅಂತ ಬೇಜಾರ್ ಮಾಡ್ಕತಾರೆ ಕಣಮ್ಮ."

ಬೇಜಾರಂತೆ! ಮಾತು ಕೊಟ್ಟು ಮರೆತವರ ಮನಸ್ಸು ನೋಯಬಾರದಂತೆ! ಅವತ್ತು ಮೇಷ್ಟ್ರ ಮೇಲೂ ರೇಗಿದೆ. ಅವರು ನಕ್ಕು, ನನ್ನನ್ನು ದೋಣಿಯೊಳಗೆ ಕೂರಿಸಿ, ಗಾಳಿ ಯಾವ ಕಡೆಯಿಂದ ಬಂದರೆ ಹಾಯಿ ಯಾವ ಕಡೆಗೆ ತಿರುಗಿಸಬೇಕೆಂದು ತೋರಿಸಿಕೊಟ್ಟರು. ಒಣನೆಲದ ಮೇಲೆ ಕೂತು ನಾನು ಹಾಯಿದೋಣಿ ನಡೆಸುವುದನ್ನು ಕಲಿತೆ.

ಹೋದ ಮಾಗಿಯಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ತಿಥಿಗೆ ಮಾತ್ರ ನೆಂಟರು ಕಾರು ಸಾಲದೆ ಬಸ್ಸು ಮಾಡಿಕೊಂಡು ಬಂದರು. ಊಟದ ಪಂಕ್ತಿಯಲ್ಲಿ ಆ ಭಾಮೈದ ನನ್ನೆದುರಿಗೇ ಕೂತಿದ್ದ. ದೋಣಿಯನ್ನು ಏನು ಮಾಡುತ್ತೀರೆಂದು ಪಕ್ಕದವರು ಕೇಳಿದರು.

"ಏನ್ ಮಾಡಾದು, ದೊಡ್ದಾಗೋಯ್ತು. ಒಬ್ರು ತಳ್ಳಾಕಾಯ್ತದಾ ಅದ್ನ? ಚಿಕ್ಕದು ತಗಬೇಕಿತ್ತು" ಎನ್ನುತ್ತ ಅನ್ನಕ್ಕೆ ಸಾರು ಕಲಸಿಕೊಂಡ. "ನಮ್ ಭಾವ ಯಾರ್ ಮಾತ್ ಕೇಳೋರು ಯೋಳಿ."

ತಿಥಿಯ ಪಂಕ್ತಿಯಲ್ಲಿ ನಡುವೆ ಏಳಬಾರದು, ಅದು ಸತ್ತವರಿಗೆ ಮಾಡುವ ಅವಮಾನ ಎನ್ನುತ್ತಾರೆ ನಮ್ಮ ಹಿರಿಯರು. ನಾನು ತುಂಬಿದ ಎಲೆ ಬಿಟ್ಟು ಎದ್ದು ನಿಂತೆ.

"ಕೇಳಿದ್ರು," ಎಂದೆ. "ನಿಮ್ ಮಾತ್ನೇ ಕೇಳಿದ್ರು. ಅದಕ್ಕೇ ದಡದಲ್ಲೇ ಉಳ್ಕೊಂಡ್ರು."